ಹೆಸರೂ ಗೊತ್ತು, ರೂಮೂ ಗೊತ್ತು



ಅರಸೀಕೆರೆ ಜಂಕ್ಷನ್ನಿನಲ್ಲಿ ರಾತ್ರಿ ರೈಲು ಹಿಡಿದವರಿಗೆಲ್ಲ ಒಂದು ಕಾಗದ ನೆನಪಿರಬೇಕು. ಗಾಡಿ ಬಂದು ನಿಂತರೆ ಜನ ಬಾಗಿಲಿಗೆ ನುಗ್ಗುವ ಮೊದಲು ಬಾಗಿಲ ಪಕ್ಕದ ಗೋಡೆಗೆ ಮುಗಿಬೀಳುತ್ತಿದ್ದರು. ಅಲ್ಲಿ ಅಂಟು ಬಳಿದು ಅಂಟಿಸಿದ ಉದ್ದನೆಯ ರಿಸರ್ವೇಶನ್ ಚಾರ್ಟು. ಹೆಸರು, ವಯಸ್ಸು, ಗಂಡೋ ಹೆಣ್ಣೋ, ಯಾವ ಬರ್ತು, ಎಲ್ಲಿಂದ ಎಲ್ಲಿಗೆ, ಎಲ್ಲವೂ ಬಟಾಬಯಲು. ತಮ್ಮ ಹೆಸರು ಸಿಕ್ಕಿದ ಮೇಲೂ ಕೆಲವರು ಅಲ್ಲಿಂದ ಕದಲುತ್ತಿರಲಿಲ್ಲ. ಪಕ್ಕದ ಬರ್ತಿನವರು ಯಾರು, ಎಷ್ಟು ವಯಸ್ಸಿನವರು ಅಂತ ನೋಡಿಕೊಂಡೇ ಒಳಗೆ ಹೋಗುವರು. ಬೆಂಗಳೂರು, ಯಶವಂತಪುರಗಳಲ್ಲಿ 2016ರಲ್ಲಿ ಈ ಚಾರ್ಟು ನಿಂತಿತು. ದೇಶದ ಉಳಿದ ದೊಡ್ಡ ನಿಲ್ದಾಣಗಳಲ್ಲಿ 2018ರ ಮಾರ್ಚ್ 1ರಿಂದ ನಿಂತಿತು. ಆಗ ರೈಲ್ವೆಯವರು ಮುಂದಿಟ್ಟ ಕಾರಣ ಕಾಗದದ ಉಳಿತಾಯ. ಪ್ರಯಾಣಿಕರ ವಿವರ ಹೀಗೆ ಗೋಡೆಗೆ ಅಂಟಬಾರದಲ್ಲ ಎಂದು ಪ್ರಯಾಣಿಕರಾದ ನಾವೂ ಕೇಳಿದ ನೆನಪಿಲ್ಲ.

ಆ ಚಾರ್ಟನ್ನು ನಾನು ದೂರುತ್ತಿಲ್ಲ. ಅದನ್ನು ಓದಬೇಕೆಂದರೆ ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲಬೇಕಿತ್ತು. ಓದುವವನ ಮುಖ ನಮಗೂ ಕಾಣುತ್ತಿತ್ತು. ಗಾಡಿ ಹೊರಟರೆ ಚಾರ್ಟೂ ಹೊರಟಿತು, ಬೆಳಗಾದರೆ ಹರಿದು ಎಸೆದಾಯಿತು. ಈಗ ನಮ್ಮ ಪ್ರಯಾಣದ ವಿವರ ಗಾಡಿಯ ಗೋಡೆಯ ಮೇಲೆ ಕಾಣುವುದಿಲ್ಲ. ಆದರೆ ಅದು ಎಷ್ಟು ಕಂಪ್ಯೂಟರಿನಲ್ಲಿದೆ, ಯಾರ ಯಾರ ಫೋನಿನಲ್ಲಿದೆ, ಎಷ್ಟು ವರ್ಷದಿಂದ ಇದೆ ಎಂಬುದು ನಮಗೆ ತಿಳಿಯದು. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ವಿಷಯವನ್ನೇ. ಊರು ಬಿಟ್ಟು ಹೊರಟವರ ವಿವರ ಎಲ್ಲಿ ಸೋರುತ್ತದೆ, ಸೋರಿದ್ದು ವಂಚನೆಯಾಗಿ ಹೇಗೆ ತಿರುಗಿ ಬರುತ್ತದೆ ಎಂಬುದು.

ನಮ್ಮ ಹಾಸನ ಜಿಲ್ಲೆಯಲ್ಲಿ ಇದು ಎರಡೂ ಕಡೆಯಿಂದ ಬರುವ ಸಂಗತಿ. ಇಲ್ಲಿನ ಬೇಲೂರು, ಹಳೇಬೀಡಿನ ದೇವಾಲಯಗಳು ಸೋಮನಾಥಪುರದ ದೇವಾಲಯದ ಜೊತೆಗೆ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹೊರದೇಶದವರು ಮೊದಲೂ ಬರುತ್ತಿದ್ದರು, ಈಗಲೂ ಬರುತ್ತಾರೆ. ಅತ್ತ ಅರಸೀಕೆರೆ, ಹಾಸನದ ಮನೆಗಳಿಂದ ಮಕ್ಕಳನ್ನು ನೋಡಲು ಅಮೆರಿಕಕ್ಕೆ, ಆಸ್ಟ್ರೇಲಿಯಾಕ್ಕೆ ಹೋಗುವ ತಂದೆತಾಯಿಗಳಿದ್ದಾರೆ. ದುಡಿಯಲು ದುಬೈ, ಮಸ್ಕತ್ತಿಗೆ ಹೋಗುವವರಿದ್ದಾರೆ. ಬರುವವರಿಗೆ ಇಲ್ಲಿ ಆಗುವುದೂ ಹೋದವರಿಗೆ ಅಲ್ಲಿ ಆಗುವುದೂ ಹೆಚ್ಚುಕಡಿಮೆ ಒಂದೇ.

ಮೊದಲು ಬರುವವರ ಕಡೆ ನೋಡೋಣ. ಫ್ರಾನ್ಸಿನ ಒಂದು ಕುಟುಂಬ ಬೇಲೂರಿನಲ್ಲಿ ಎರಡು ದಿನಕ್ಕೆ ರೂಮು ಕಾದಿರಿಸಿದೆ ಅಂದುಕೊಳ್ಳಿ. ಹೊರಡಲು ಒಂದು ವಾರ ಇದ್ದಾಗ ಫೋನಿಗೆ ಸಂದೇಶ ಬರುತ್ತದೆ. ‘ನಿಮ್ಮ ಕಾರ್ಡ್ ಪರಿಶೀಲನೆ ಆಗಿಲ್ಲ, 12 ಗಂಟೆಯೊಳಗೆ ಈ ಲಿಂಕಿನಲ್ಲಿ ದೃಢಪಡಿಸದಿದ್ದರೆ ಬುಕಿಂಗ್ ರದ್ದಾಗುತ್ತದೆ.’ ಅದರಲ್ಲಿ ಅವರ ಹೆಸರಿದೆ, ಬರುವ ತಾರೀಖಿದೆ, ಹೋಟೆಲಿನ ಹೆಸರಿದೆ, ಕೊಡಬೇಕಾದ ಮೊತ್ತವೂ ಪೈಸೆಗೆ ಪೈಸೆ ಸರಿಯಾಗಿದೆ. ಇನ್ನೂ ಮುಖ್ಯವೆಂದರೆ ಸಂದೇಶ ಯಾವುದೋ ಗೊತ್ತಿಲ್ಲದ ನಂಬರಿನಿಂದ ಬಂದದ್ದಲ್ಲ. ರೂಮು ಕಾದಿರಿಸಿದ ಅದೇ ಆ್ಯಪಿನೊಳಗೆ, ಹೋಟೆಲಿನವರು ಹಿಂದೆ ಮಾತಾಡಿದ್ದ ಅದೇ ಜಾಗದಲ್ಲಿ ಬಂದದ್ದು. ಅನುಮಾನ ಹೇಗೆ ಬಂದೀತು?

ಇದು ಕಲ್ಪನೆಯಲ್ಲ, 2023ರಿಂದ ಈಚೆಗೆ ಜಗತ್ತಿನಾದ್ಯಂತ ನಡೆಯುತ್ತಿರುವ ವಂಚನೆ. ಬುಕಿಂಗ್ ಡಾಟ್ ಕಾಮ್ ಸಂಸ್ಥೆಯ ಸುರಕ್ಷತಾ ಮುಖ್ಯಸ್ಥೆಯೇ 2024ರ ಜೂನ್‌ನಲ್ಲಿ, ಹಿಂದಿನ ಒಂದೂವರೆ ವರ್ಷದಲ್ಲಿ ಪ್ರವಾಸಿ ವಂಚನೆಗಳು ಶೇಕಡ 500ರಿಂದ 900ರಷ್ಟು ಏರಿವೆ ಎಂದು ಹೇಳಿದ್ದರು. ಕೃತಕ ಬುದ್ಧಿಮತ್ತೆ ಬಂದ ಮೇಲೆ ವಂಚಕರ ಭಾಷೆ ತಪ್ಪಿಲ್ಲದೆ ನಯವಾಗಿದೆ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ‘ಸಂದೇಶದಲ್ಲಿ ಕಾಗುಣಿತ ತಪ್ಪಿದ್ದರೆ ಅದು ಮೋಸ’ ಅಂತ ನಾವು ಮನೆಮಂದಿಗೆ ಹೇಳಿಕೊಟ್ಟಿದ್ದ ಪಾಠ ಇನ್ನು ನಡೆಯುವುದಿಲ್ಲ.

ಒಳಗಿನಿಂದ ಸಂದೇಶ ಬಂದದ್ದು ಹೇಗೆ? ಬಹಳ ಸಲ ದೊಡ್ಡ ಸಂಸ್ಥೆಯ ಕೋಟೆ ಒಡೆದಿರುವುದಿಲ್ಲ, ಹೋಟೆಲಿನ ಕೌಂಟರು ಒಡೆದಿರುತ್ತದೆ. ವಂಚಕ ಮೊದಲು ಹೋಟೆಲಿಗೇ ಗಿರಾಕಿಯ ಹಾಗೆ ಇಮೇಲು ಬರೆಯುತ್ತಾನೆ. ‘ನಿಮ್ಮಲ್ಲಿ ಉಳಿದಿದ್ದಾಗ ಒಂದು ಬ್ಯಾಗು ಬಿಟ್ಟುಬಂದೆ, ಅದರ ಫೋಟೊ ಇಲ್ಲಿದೆ’ ಎನ್ನುತ್ತಾನೆ. ‘ನಮ್ಮ ಮಗುವಿಗೆ ಒಗ್ಗದ ತಿನಿಸುಗಳ ಪಟ್ಟಿ ಕಳಿಸಿದ್ದೇನೆ, ಅಡುಗೆಯವರಿಗೆ ತೋರಿಸಿ’ ಎನ್ನುತ್ತಾನೆ. ರಾತ್ರಿ ಪಾಳಿಯ ಹುಡುಗ ಅದನ್ನು ತೆರೆಯದೆ ಏನು ಮಾಡಬೇಕು? ಗಿರಾಕಿಯ ಮಾತಿಗೆ ಓಗೊಡುವುದಕ್ಕೇ ಅವನಿಗೆ ಸಂಬಳ. ತೆರೆದರೆ ಕಂಪ್ಯೂಟರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಕದಿಯುವ ತಂತ್ರಾಂಶ ಸದ್ದಿಲ್ಲದೆ ಕೂರುತ್ತದೆ. ಮೈಕ್ರೋಸಾಫ್ಟ್ 2025ರ ಮಾರ್ಚಿನಲ್ಲಿ ಇಂಥ ಒಂದು ಗುಂಪಿನ ಕೆಲಸವನ್ನು ಬಿಡಿಸಿ ವರದಿ ಮಾಡಿತು. ಆ ಗುಂಪು ಗುರಿ ಮಾಡಿದ್ದ ಹೋಟೆಲುಗಳಲ್ಲಿ ದಕ್ಷಿಣ ಏಷ್ಯಾದವೂ ಇದ್ದವು. ಅವರ ಉಪಾಯ ಚಮತ್ಕಾರದ್ದು. ಪರದೆಯ ಮೇಲೆ ‘ನೀವು ಯಂತ್ರವಲ್ಲ ಎಂದು ತೋರಿಸಿ’ ಎಂಬ ಪೆಟ್ಟಿಗೆ ಬರುತ್ತದೆ. ಅದಕ್ಕಾಗಿ ಕೀಲಿಮಣೆಯಲ್ಲಿ ಇಂತಿಂಥ ಕೀ ಒತ್ತಿ, ಅಂಟಿಸಿ, ಎಂಟರ್ ಹೊಡೆಯಿರಿ ಎನ್ನುತ್ತದೆ. ಹಾಗೆ ಮಾಡಿದವನು ತನ್ನ ಕೈಯಾರೆ ಕಳ್ಳನ ಆಜ್ಞೆಯನ್ನು ಕಂಪ್ಯೂಟರಿಗೆ ಕೊಟ್ಟಿರುತ್ತಾನೆ. ಕೇಳುಗರಲ್ಲಿ ವಸತಿಗೃಹ, ಹೋಂಸ್ಟೇ ನಡೆಸುವವರಿದ್ದರೆ ಇದೊಂದನ್ನು ನಿಮ್ಮ ಹುಡುಗರಿಗೆ ಇವತ್ತೇ ಹೇಳಿ: ಯಾವ ಪರೀಕ್ಷೆಯೂ ಕೀಲಿಮಣೆಯಲ್ಲಿ ಏನನ್ನಾದರೂ ಅಂಟಿಸು ಎಂದು ಕೇಳುವುದಿಲ್ಲ.

ಇನ್ನು ಕೌಂಟರಿನ ಮೇಲೆ ನಡೆಯುವ ಮಾಮೂಲಿ ಕೆಲಸ. ಹೊರದೇಶದವರು ತಂಗಿದರೆ ಅವರ ವಿವರವನ್ನು ‘ಫಾರಂ ಸಿ’ ಎಂದು ರೂಢಿಯಾದ ನಮೂನೆಯಲ್ಲಿ ತುಂಬಿ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನಿನಲ್ಲಿ ಕಳಿಸಬೇಕು. ಇದು ಹಳೆಯ ನಿಯಮ. 2025ರ ಸೆಪ್ಟೆಂಬರ್ 1ರಿಂದ ಜಾರಿಯಾದ ಹೊಸ ವಲಸೆ ಮತ್ತು ವಿದೇಶಿಯರ ಕಾಯಿದೆಯೂ ತಂಗಲು ಜಾಗ ಕೊಡುವವರ ಮೇಲೆ ಈ ಹೊಣೆ ಇಟ್ಟಿದೆ. ಹೋಟೆಲು ಅಂತಲ್ಲ, ನಾಲ್ಕು ರೂಮಿನ ಹೋಂಸ್ಟೇಗೂ ಇದು ಅನ್ವಯ. ನಿಯಮ ಸರಿಯೇ. ಆದರೆ ಫಾರಂ ತುಂಬಲು ಪಾಸ್‌ಪೋರ್ಟಿನ ಪುಟ ಬೇಕು, ವೀಸಾದ ಪುಟ ಬೇಕು. ಕೌಂಟರಿನವನು ಏನು ಮಾಡುತ್ತಾನೆ? ‘ಬರೋ ಮುಂಚೆ ವಾಟ್ಸಾಪ್ ಮಾಡ್ಬಿಡಿ ಮೇಡಂ’ ಎನ್ನುತ್ತಾನೆ, ಇಲ್ಲವೇ ತನ್ನ ಸ್ವಂತ ಫೋನಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾನೆ. ಫಾರಂ ಹೋಯಿತು, ಅತಿಥಿ ಶಿಲಾಬಾಲಿಕೆಯರನ್ನು ನೋಡಿಕೊಂಡು ಊರಿಗೂ ಹೋದ. ಫೋಟೊ ಮಾತ್ರ ಆ ಫೋನಿನಲ್ಲೇ ಉಳಿಯಿತು. ಹುಡುಗ ಕೆಲಸ ಬಿಟ್ಟು ಸಕಲೇಶಪುರದ ರೆಸಾರ್ಟಿಗೆ ಸೇರಿದ, ಫೋನು ಹಳತಾಯಿತು ಅಂತ ಅಂಗಡಿಗೆ ಮಾರಿದ. ಆಗ ಫೋಟೊ ಎಲ್ಲಿಗೆ ಹೋಯಿತು? ಕದಿಯಬೇಕೆಂಬ ಯೋಚನೆ ಇಲ್ಲಿ ಯಾರ ತಲೆಯಲ್ಲೂ ಇಲ್ಲ. ಅಳಿಸಬೇಕೆಂಬ ಯೋಚನೆಯೂ ಇಲ್ಲ.

ನಮ್ಮವರು ತಂಗಿದರೆ ಆಧಾರಿನ ಜೆರಾಕ್ಸ್. ಮದುವೆಗೆ ಬಂದ ಇಪ್ಪತ್ತು ಜನರ ಜೆರಾಕ್ಸನ್ನು ಒಂದು ಕಟ್ಟು ಮಾಡಿ ಕೌಂಟರಿನ ಮೇಲಿಟ್ಟು ಹೋಗುವುದನ್ನು ಯಾವ ಲಾಡ್ಜಿನಲ್ಲಾದರೂ ನೋಡಬಹುದು. ಇದರ ಬಗ್ಗೆ ಒಂದು ಸ್ವಾರಸ್ಯದ ಪ್ರಸಂಗವಿದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರಿನ ನಕಲು ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ದುರುಪಯೋಗ ಆದೀತು, ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿದ ಆಧಾರ್ ಕೊಡಿ ಎಂಬುದು ಅದರ ಸಾರ. ದೇಶವೆಲ್ಲ ಗಾಬರಿಯಾಯಿತು, ಇಷ್ಟು ದಿನ ಕೊಟ್ಟ ಜೆರಾಕ್ಸುಗಳ ಗತಿ ಏನು ಅಂತ. ಎರಡೇ ದಿನಕ್ಕೆ, 29ನೇ ತಾರೀಖು, ಕೇಂದ್ರ ಸರ್ಕಾರ ಆ ಪ್ರಕಟಣೆಯನ್ನು ವಾಪಸು ಪಡೆಯಿತು. ಜನ ತಪ್ಪಾಗಿ ತಿಳಿದುಕೊಳ್ಳಬಹುದು, ಮಾಮೂಲಿ ಎಚ್ಚರಿಕೆ ಇದ್ದರೆ ಸಾಕು ಎಂದಿತು. ನನ್ನನ್ನು ಕೇಳಿದರೆ ಬೆಂಗಳೂರಿನ ಕಚೇರಿ ಹೇಳಿದ್ದೇ ಸರಿ. ಹೇಳಿದ್ದರಿಂದ ಎದ್ದ ಗಾಬರಿಯೂ ನ್ಯಾಯವಾದದ್ದೇ. ಮುಸುಕಿದ ಆಧಾರ್ ಈಗಲೂ ಇದೆ, ಪ್ರಾಧಿಕಾರದ ಜಾಲತಾಣದಲ್ಲೇ ಇಳಿಸಿಕೊಳ್ಳಬಹುದು. ಮೊದಲ ಎಂಟು ಅಂಕಿಯ ಜಾಗದಲ್ಲಿ ಗುಣಾಕಾರದ ಗುರುತಿರುತ್ತದೆ. ಲಾಡ್ಜಿನವನು ‘ಇದು ಆಗಲ್ಲ ಸಾರ್, ಫುಲ್ ನಂಬರ್ ಬೇಕು’ ಎಂದರೆ ಚಾಲನಾ ಪರವಾನಗಿಯನ್ನೋ ಮತದಾರರ ಗುರುತಿನ ಚೀಟಿಯನ್ನೋ ತೋರಿಸಿ. ಪ್ರತಿ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ ‘ಇಂಥ ಲಾಡ್ಜಿನ ವಾಸ್ತವ್ಯಕ್ಕೆ ಮಾತ್ರ’ ಅಂತ ಬರೆದು ತಾರೀಖು ಹಾಕಿ. ಅಕ್ಷರ ಫೋಟೊದ ಮೇಲೂ ಹಾಯಬೇಕು.

ಗುರುತಿನ ವಿವರ ಬಯಲಾಗಿರುವುದೇ ಕೇಡು ಎಂದಲ್ಲ. ಬೇಲೂರಿನ ಚೆನ್ನಕೇಶವ ಗುಡಿಯನ್ನು ಹೊಯ್ಸಳ ದೊರೆ ವಿಷ್ಣುವರ್ಧನ ಕಟ್ಟಿಸಿದ್ದು 1117ರಲ್ಲಿ. ಅಲ್ಲಿ ಕೆಲಸ ಮಾಡಿದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಶಿಲ್ಪದ ಪೀಠದಲ್ಲಿ ತಮ್ಮ ಹೆಸರು ಕೊರೆದರು. ಯಾವ ಊರು, ಯಾರ ಮಗ ಎಂಬುದೂ ಅಲ್ಲೇ ಇದೆ. ಒಂಬೈನೂರು ವರ್ಷದಿಂದ ಯಾರು ಬೇಕಾದರೂ ಓದುತ್ತಿದ್ದಾರೆ, ಅದರಿಂದ ಆ ಅಪ್ಪಮಗನಿಗೆ ಕೇಡಾಗಲಿಲ್ಲ. ನಾವು ಅದೇ ಹೆಸರು, ಊರು, ತಂದೆಯ ಹೆಸರನ್ನು ಬ್ಯಾಂಕಿನ ಫೋನಿನಲ್ಲಿ ಗುರುತು ಹೇಳಲು ಬಳಸಿಕೊಂಡೆವು. ಹಾಗೆ ಬಳಸಿಕೊಂಡದ್ದರಿಂದ ಅದು ಕದಿಯುವ ವಸ್ತುವಾಯಿತು.

ದೊಡ್ಡವರ ಮನೆಯ ದೋಸೆಯೂ ತೂತೇ. ಮ್ಯಾರಿಯಟ್ ಹೋಟೆಲು ಸಮೂಹ 2018ರ ನವೆಂಬರ್ 30ರಂದು ಒಂದು ವಿಷಯ ಒಪ್ಪಿಕೊಂಡಿತು. ಅದು ಕೊಂಡಿದ್ದ ಸ್ಟಾರ್‌ವುಡ್ ಹೋಟೆಲುಗಳ ಕಂಪ್ಯೂಟರಿನಲ್ಲಿ 2014ರಿಂದಲೂ ಕಳ್ಳರು ಕೂತಿದ್ದರು. ಗುಪ್ತಲಿಪಿಗೆ ತಿರುಗಿಸದೆ ಹಾಗೇ ಇಟ್ಟಿದ್ದ ಪಾಸ್‌ಪೋರ್ಟ್ ಸಂಖ್ಯೆಗಳೇ 50 ಲಕ್ಷಕ್ಕೂ ಹೆಚ್ಚು. ಏರ್ ಇಂಡಿಯಾದ್ದು ನಮಗೆ ಇನ್ನೂ ಹತ್ತಿರದ್ದು. 2011ರ ಆಗಸ್ಟಿನಿಂದ 2021ರ ಫೆಬ್ರವರಿವರೆಗಿನ ಸುಮಾರು 45 ಲಕ್ಷ ಪ್ರಯಾಣಿಕರ ವಿವರ ಹೊರಹೋಗಿದೆ ಎಂದು 2021ರ ಮೇ ತಿಂಗಳಲ್ಲಿ ಅದು ತಿಳಿಸಿತು. ಹೆಸರು, ಹುಟ್ಟಿದ ದಿನ, ಫೋನು, ಪಾಸ್‌ಪೋರ್ಟಿನ ವಿವರ ಎಲ್ಲ. ಸೋರಿದ್ದು ವಿಮಾನ ಸಂಸ್ಥೆಯಿಂದ ಅಲ್ಲ, ಅದರ ಪ್ರಯಾಣಿಕರ ವಿವರ ಇಡುತ್ತಿದ್ದ ಸೀಟಾ ಎಂಬ ಮೂರನೆಯ ಸಂಸ್ಥೆಯಿಂದ. ಮೊಮ್ಮಗುವಿನ ನಾಮಕರಣಕ್ಕೆ ಒಂದೇ ಒಂದು ಸಲ ಅಮೆರಿಕಕ್ಕೆ ಹೋಗಿಬಂದ ಅರಸೀಕೆರೆಯ ಅಜ್ಜಿ ಸೀಟಾದ ಹೆಸರನ್ನು ಕೇಳಿರುವುದೂ ಇಲ್ಲ. ಆಕೆಯ ಹುಟ್ಟಿದ ದಿನ ಅದಕ್ಕೆ ಗೊತ್ತು.

ಇಲ್ಲಿಗೆ ನನ್ನ ಮಾತಿನ ತಿರುಳಿಗೆ ಬಂದೆ. ನಮ್ಮ ವಿವರ ಗೊತ್ತಿದ್ದವರು ನಮ್ಮವರೇ ಇರಬೇಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ರೈಲಿನಲ್ಲಿ ಎದುರು ಕೂತವರು ‘ಯಾವೂರು ಸ್ವಾಮಿ? ಓ, ಬಾಣಾವರವೇ? ಹಾಗಾದ್ರೆ ಇಂಥವರು ಗೊತ್ತಿರಬೇಕಲ್ಲ’ ಎಂದರೆ ಕೂಡಲೇ ತಿಂಡಿಯ ಡಬ್ಬಿ ಬಿಚ್ಚುತ್ತೇವೆ. ಇದು ಒಳ್ಳೆಯ ಗುಣ, ಇದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಫೋನಿನಲ್ಲಿ ಅದಕ್ಕೆ ಬೆಲೆ ಇಲ್ಲ. ‘ನಿಮ್ಮ ಹೆಸರು ಇದಲ್ಲವೇ, ಪಾಸ್‌ಪೋರ್ಟ್ ನಂಬರ್ ಇದಲ್ಲವೇ, ಹೋದ ವಾರ ಈ ವಿಮಾನದಲ್ಲಿ ಬಂದಿರಲ್ಲವೇ’ ಎಂದು ಸರಿಯಾಗಿ ಹೇಳಿದವನು ಸಾಬೀತು ಮಾಡಿದ್ದು ಒಂದನ್ನೇ, ಆ ವಿವರ ಎಲ್ಲೋ ಸೋರಿದೆ ಎಂಬುದನ್ನು.

ವಾಷಿಂಗ್ಟನ್ನಿನ ಭಾರತೀಯ ರಾಯಭಾರ ಕಚೇರಿ 2018ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ರಾಯಭಾರ ಕಚೇರಿಯ ನಂಬರೇ ಪರದೆಯ ಮೇಲೆ ಕಾಣುವ ಹಾಗೆ ವಂಚಕರು ಕರೆ ಮಾಡುತ್ತಾರೆ. ನಿಮ್ಮ ವೀಸಾ ಅರ್ಜಿಯಲ್ಲಿ, ಪಾಸ್‌ಪೋರ್ಟಿನಲ್ಲಿ ತಪ್ಪಿದೆ, ದುಡ್ಡು ಕಟ್ಟಿದರೆ ಸರಿಮಾಡುತ್ತೇವೆ, ಇಲ್ಲದಿದ್ದರೆ ಗಡೀಪಾರು, ಜೈಲು ಎಂದು ಹೆದರಿಸುತ್ತಾರೆ. ಪರದೇಶದಲ್ಲಿ ಕೂತವರಿಗೆ ವೀಸಾ ಎಂಬ ಮಾತು ಕೇಳಿದರೇ ಎದೆ ಧಸಕ್ಕೆನ್ನುತ್ತದೆ. ಹೊರಡುವ ಮೊದಲೇ ಬೀಳುವ ಗುಂಡಿಗಳೂ ಇವೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸುತ್ತೇವೆ ಅಂತ ಸರ್ಕಾರಿ ಬಣ್ಣ ಬಳಿದುಕೊಂಡ ನಕಲಿ ಜಾಲತಾಣಗಳ ಬಗ್ಗೆ ವಿದೇಶಾಂಗ ಸಚಿವಾಲಯ ಮತ್ತೆ ಮತ್ತೆ ಎಚ್ಚರಿಸಿದೆ. ಥಾಯ್ಲೆಂಡಿಗೆ ಹೋಗುವವರು 2025ರ ಮೇ 1ರಿಂದ ಡಿಜಿಟಲ್ ಆಗಮನ ಚೀಟಿ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ, ಸಿಂಗಪುರದ ಚೀಟಿಗೂ ಇಲ್ಲ. ಆದರೆ ಹುಡುಕುಯಂತ್ರದಲ್ಲಿ ಹುಡುಕಿದರೆ ಮೇಲೆ ಬರುವ ಜಾಹೀರಾತುಗಳಲ್ಲಿ ಶುಲ್ಕ ವಸೂಲಿ ಮಾಡುವವರು ಕಾದಿರುತ್ತಾರೆ. ದುಡ್ಡು ಹೋದರೆ ಹೋಗಲಿ, ಪಾಸ್‌ಪೋರ್ಟಿನ ವಿವರವನ್ನೂ ಅವರ ಕೈಗೆ ಇಟ್ಟಂತಾಯಿತು.

ಪರದೇಶಕ್ಕೇ ಹೋಗಬೇಕೆಂದಿಲ್ಲ. ಕೊಲ್ಲೂರು ಮೂಕಾಂಬಿಕೆಯ ವಸತಿಗೃಹದ ಹೆಸರಿನಲ್ಲಿ ನಕಲಿ ಜಾಲತಾಣ ತೆರೆದು ಭಕ್ತರಿಂದ ರೂಮಿನ ದುಡ್ಡು ಕಿತ್ತ ಪ್ರಕರಣ ನಮ್ಮ ರಾಜ್ಯದ್ದೇ. ಕೇದಾರದ ಹೆಲಿಕಾಪ್ಟರ್ ಟಿಕೆಟು, ಯಾತ್ರಾಸ್ಥಳಗಳ ಅತಿಥಿಗೃಹ, ಕ್ಯಾಬು ಇವುಗಳ ಹೆಸರಿನಲ್ಲಿ ನಡೆಯುವ ಮೋಸದ ಬಗ್ಗೆ 2025ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಕೇಂದ್ರವೇ ಎಚ್ಚರಿಕೆ ಕೊಟ್ಟಿತು. ಇನ್ನು ಮುಂಬೈಯ ಒಬ್ಬ ಮಹಿಳೆಯ ಕಥೆ. ತಮ್ಮ ರೈಲು ಟಿಕೆಟು ಖಾತ್ರಿಯಾಗುತ್ತದೋ ಇಲ್ಲವೋ ಎಂದು ಟಿಕೆಟಿನ ಚಿತ್ರವನ್ನೂ ಮೊಬೈಲ್ ನಂಬರನ್ನೂ ಟ್ವಿಟರಿನಲ್ಲಿ ಹಾಕಿ ರೈಲ್ವೆಯವರನ್ನು ಕೇಳಿದರು. ರೈಲ್ವೆಯವರಿಗಿಂತ ಮೊದಲು ವಂಚಕರು ಉತ್ತರ ಕೊಟ್ಟರು. ಒಂದು ಲಿಂಕು ಕಳಿಸಿ ಬರೀ ಎರಡು ರೂಪಾಯಿ ಕಟ್ಟಿ ಎಂದರು. ಆಕೆ ಕಳೆದುಕೊಂಡದ್ದು 64 ಸಾವಿರ. ಇದು ಸುದ್ದಿಯಾದದ್ದು 2023ರ ಜನವರಿಯಲ್ಲಿ. ಎರಡು ರೂಪಾಯಿ ಎಂಬ ಮೊತ್ತವನ್ನು ಗಮನಿಸಿ. ಅಷ್ಟಕ್ಕೆ ಯಾರೂ ಯೋಚಿಸುವುದಿಲ್ಲ, ಅದಕ್ಕೇ ಅಷ್ಟು ಕೇಳುವುದು. ಅವರಿಗೆ ಬೇಕಾದದ್ದು ಕಾರ್ಡಿನ ವಿವರ ಮತ್ತು ಒಟಿಪಿ.

ರೇಡಿಯೋದಲ್ಲಿ ಕೂತು ಮಾತಾಡುವಾಗ ರೇಡಿಯೋದ್ದೇ ಒಂದು ಸಂಗತಿ ಹೇಳದಿದ್ದರೆ ಹೇಗೆ. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ ಕಾರ್ಯಕ್ರಮದಲ್ಲಿ ಪ್ರಧಾನಿಯವರು ಒಂದು ಧ್ವನಿಮುದ್ರಿಕೆ ಕೇಳಿಸಿದರು. ಪೊಲೀಸ್ ವೇಷದಲ್ಲಿ ವಿಡಿಯೊ ಕರೆ ಮಾಡಿದ ವಂಚಕನಿಗೂ ನಮ್ಮ ವಿಜಯಪುರದ ಒಬ್ಬರಿಗೂ ನಡೆದ ಮಾತುಕತೆ ಅದು. ಫೋನಿನಲ್ಲೇ ಬಂಧಿಸಿದ್ದೇವೆ ಎನ್ನುವ ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ ಎಂಬ ಮಾತು ಅಂದು ದೇಶದ ಕಿವಿಗೆ ಬಿತ್ತು. ಆ ಸಂಭಾಷಣೆಯನ್ನು ಕೇಳಿದವರಿಗೆ ಒಂದು ಗೊತ್ತಾಗಿರಬೇಕು, ವಂಚಕ ಅವಸರ ಮಾಡುತ್ತಾನೆ, ಎದುರಿನವರು ನಿಧಾನ ಮಾಡಿದಷ್ಟೂ ಅವನು ತಬ್ಬಿಬ್ಬಾಗುತ್ತಾನೆ.

ಆ ಕಡೆ ಕೂತು ಕರೆ ಮಾಡುವವನು ಯಾರು? ಇದನ್ನು ಹೇಳಲು ಸ್ವಲ್ಪ ಸಂಕಟವಾಗುತ್ತದೆ. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳು ಥಾಯ್ಲೆಂಡಿನ ಮೇ ಸಾಟ್‌ನಿಂದ ಎರಡು ದಿನದಲ್ಲಿ 549 ಭಾರತೀಯರನ್ನು ಕರೆತಂದವು. ಅವರೆಲ್ಲ ಗಡಿಯಾಚೆಯ ಮ್ಯಾನ್ಮಾರಿನ ವಂಚನೆಯ ಶೆಡ್ಡುಗಳಲ್ಲಿ ಸಿಕ್ಕಿಬಿದ್ದಿದ್ದವರು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ, ಒಳ್ಳೆಯ ಸಂಬಳ ಎಂಬ ಜಾಹೀರಾತು ನೋಡಿ ಹೊರಟ ಹುಡುಗರು. ಇಳಿದ ಮೇಲೆ ಗಡಿ ದಾಟಿಸಿ, ಪಾಸ್‌ಪೋರ್ಟ್ ಕಿತ್ತುಕೊಂಡು, ‘ದಿನಕ್ಕೆ ಇಷ್ಟು ಜನರಿಗೆ ಟೋಪಿ ಹಾಕು’ ಎಂದು ಕೂರಿಸಿದ್ದರು. ಕಾಂಬೋಡಿಯಾ, ಲಾವೋಸಿನಲ್ಲೂ ಇದೇ ಕಥೆ. ಅಂದರೆ ಕೆಲಸದ ಹೆಸರಿನ ಮೋಸಕ್ಕೆ ಬಿದ್ದ ಪ್ರಯಾಣಿಕನೇ ಇನ್ನೊಬ್ಬ ಪ್ರಯಾಣಿಕನನ್ನು ಮೋಸ ಮಾಡುವ ಕೂಲಿಯಾಗಿದ್ದಾನೆ. ನಮ್ಮ ಊರುಗಳಲ್ಲಿ ಬಿ.ಕಾಂ. ಮುಗಿಸಿ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯಲು ಮನಸ್ಸಿಲ್ಲದ ಹುಡುಗರಿಗೆ ಬರುವ ಇಂಥ ‘ಆಫರ್’ಗಳನ್ನು ನಂಬುವ ಮೊದಲು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟನ ನೋಂದಣಿ ಇದೆಯೇ ನೋಡಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಮಾಡು ಎನ್ನುವವನು ಏಜೆಂಟನೇ ಅಲ್ಲ.

ನಿಜ ಯಾವುದು, ನಕಲಿ ಯಾವುದು ಅಂತ ತಿಳಿಯುವುದು ಹೇಗೆ? ಶಾಸನ ಓದುವವರ ವಿಧಾನ ನನಗೆ ಇಷ್ಟ. ಮೈಸೂರು ಸೀಮೆಯ ಗಂಗರ ಹಳೆಯ ತಾಮ್ರಪಟಗಳ ಬಗ್ಗೆ ಬಿ.ಎಲ್. ರೈಸ್ ಮತ್ತು ಜೆ.ಎಫ್. ಫ್ಲೀಟ್ ಎಂಬ ಶಾಸನತಜ್ಞರ ನಡುವೆ ದೊಡ್ಡ ಜಗಳವೇ ನಡೆದಿತ್ತು. ಅವುಗಳಲ್ಲಿ ಎಷ್ಟೋ ಕೂಟಶಾಸನಗಳು, ಅಂದರೆ ಭೂಮಿಯ ಹಕ್ಕಿಗಾಗಿ ಆಮೇಲೆ ಯಾರೋ ಸೃಷ್ಟಿಸಿದ ಖೊಟ್ಟಿ ಪಟಗಳು ಎಂಬುದು ಫ್ಲೀಟ್ ವಾದ. ಖೊಟ್ಟಿಯಲ್ಲೂ ರಾಜಮುದ್ರೆ ಇರುತ್ತದೆ, ವಂಶಾವಳಿ ಇರುತ್ತದೆ, ಬಿರುದುಗಳು ಸಾಲುಸಾಲಾಗಿರುತ್ತವೆ. ಅವನ್ನೆಲ್ಲ ನಕಲು ಮಾಡುವುದು ಸುಲಭ. ಹಾಗಾಗಿ ಪಂಡಿತರು ನೋಡುವುದು ಬೇರೆ ಕಡೆ. ಹೇಳಿದ ತಿಥಿಗೂ ವಾರಕ್ಕೂ ತಾಳೆ ಬೀಳುತ್ತದೆಯೇ, ಅಕ್ಷರದ ರೂಪ ಆ ಕಾಲದ್ದೇ ಅಂತ. ವಂಚನೆಯ ಜಾಲತಾಣಕ್ಕೂ ಇದೇ ಪರೀಕ್ಷೆ. ಲಾಂಛನ, ಅಶೋಕ ಸ್ತಂಭ, ಬಣ್ಣ ಇವನ್ನು ನೋಡಿ ತೀರ್ಮಾನ ಮಾಡಬಾರದು. ಜಾಲತಾಣದ ವಿಳಾಸ ನೋಡಬೇಕು.

ವಿಳಾಸವನ್ನು ಓದುವ ರೀತಿ ಒಂದಿದೆ. ಹಾಸನದಲ್ಲಿ ಬೇಲೂರು ರಸ್ತೆ ಇದೆ. ‘ಬೇಲೂರು ರಸ್ತೆ, ಹಾಸನ’ ಎಂದು ಲಕೋಟೆಯ ಮೇಲೆ ಬರೆದರೆ ಕಾಗದ ಹೋಗುವುದು ಹಾಸನಕ್ಕೆ, ಬೇಲೂರಿಗಲ್ಲ. ಜಾಲತಾಣದ ವಿಳಾಸದಲ್ಲೂ ಊರು ಬರುವುದು ಕೊನೆಯಲ್ಲಿ. ಶುರುವಿನ ‘ಎಚ್‌ಟಿಟಿಪಿಎಸ್’ ಮತ್ತು ಅದರ ಜೋಡಿ ಓರೆಗೀಟನ್ನು ಬಿಟ್ಟು, ಆಮೇಲಿನ ಮೊದಲ ಓರೆಗೀಟು ಬರುವವರೆಗಿನ ಭಾಗದ ಕೊನೆಯ ತುಂಡು ಯಾವುದು ಅಂತ ನೋಡಿ. ನಮ್ಮ ಸರ್ಕಾರದ್ದಾದರೆ ಅಲ್ಲಿ ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಇರುತ್ತದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2025ರ ಅಕ್ಟೋಬರ್ ಕೊನೆಯ ಹೊತ್ತಿಗೆ ನಮ್ಮ ಬ್ಯಾಂಕುಗಳು ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಹೋಗಬೇಕಾಗಿತ್ತು. ನಡುವೆ ಎಲ್ಲೋ ‘ಪಾಸ್‌ಪೋರ್ಟ್’, ‘ಐಆರ್‌ಸಿಟಿಸಿ’, ‘ಗವ್’ ಎಂದಿದ್ದರೆ ಅದು ಬರೀ ರಸ್ತೆಯ ಹೆಸರು. ಆ್ಯಪುಗಳ ವಿಷಯದಲ್ಲಿ ಇನ್ನೂ ಸುಲಭ. ವಾಟ್ಸಾಪಿನಲ್ಲಿ ಬಂದ ‘ಎಪಿಕೆ’ ಕಡತವನ್ನು ಮುಟ್ಟಲೇಬೇಡಿ. ಐಆರ್‌ಸಿಟಿಸಿ ಹೆಸರಿನ ಅಂಥ ಒಂದು ಕಡತ ಹರಿದಾಡುತ್ತಿದೆ ಎಂದು 2023ರ ಆಗಸ್ಟಿನಲ್ಲಿ ಆ ಸಂಸ್ಥೆಯೇ ಸಾರಿತ್ತು.

ಇಷ್ಟು ಹೇಳಿ ಒಂದು ಭಯವನ್ನು ಕಡಿಮೆಯೂ ಮಾಡುತ್ತೇನೆ. ನಿಲ್ದಾಣದ ಚಾರ್ಜಿಂಗ್ ಪಾಯಿಂಟಿಗೆ ಫೋನು ಸಿಕ್ಕಿಸಿದರೆ ಎಲ್ಲ ಕದ್ದುಬಿಡುತ್ತಾರೆ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬೇಕು. ಆಗಲಾರದ್ದೇನಲ್ಲ, ಆದರೆ ನನ್ನ ಲೆಕ್ಕದಲ್ಲಿ ಅದಕ್ಕೆ ಕೊನೆಯ ಸ್ಥಾನ. ನಿಮ್ಮದೇ ಚಾರ್ಜರನ್ನು ಕರೆಂಟಿನ ತೂತಿಗೆ ಹಾಕಿದರೆ ಆ ಚಿಂತೆಯೂ ಇಲ್ಲ. ವೈಫೈ ಸ್ವಲ್ಪ ಬೇರೆ. ಆಸ್ಟ್ರೇಲಿಯಾದಲ್ಲಿ ಒಬ್ಬಾತ ಪರ್ತ್, ಮೆಲ್ಬರ್ನ್, ಅಡಿಲೇಡ್ ವಿಮಾನ ನಿಲ್ದಾಣಗಳಲ್ಲಿ, ವಿಮಾನದೊಳಗೂ ಅಸಲಿ ವೈಫೈಯ ಹೆಸರನ್ನೇ ಇಟ್ಟು ನಕಲಿ ವೈಫೈ ತೆರೆದು ಜನರ ಇಮೇಲ್ ಪಾಸ್‌ವರ್ಡುಗಳನ್ನು ಬಾಚಿದ್ದ. ಅಲ್ಲಿನ ಪೊಲೀಸರು 2024ರಲ್ಲಿ ಅವನ ಮೇಲೆ ಆರೋಪ ಹೊರಿಸಿದರು. ಉಚಿತ ವೈಫೈ ನಿಮ್ಮ ಇಮೇಲಿನ ಪಾಸ್‌ವರ್ಡ್ ಕೇಳಿತೆಂದರೆ ಎದ್ದು ಬನ್ನಿ.

ಕಾನೂನಿನ ಕಥೆ ನಮ್ಮವರೊಬ್ಬರಿಂದಲೇ ಶುರುವಾಗುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿ ವರ್ಷಗಳಾಗಿದ್ದವು. ಆ ತೀರ್ಪಿನ ಆರು ವರ್ಷದ ಮೇಲೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳ ಮೇಲೆ, ಅಂದರೆ 2027ರ ಮೇ ತಿಂಗಳಲ್ಲಿ. ಆಗ ನಿಮ್ಮ ವಿವರವನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವವರು ಯಾತಕ್ಕೆ ಎಂದು ತಿಳಿಸಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು, ಸೋರಿದರೆ ನಿಮಗೆ ಹೇಳಬೇಕು. ಆ ತಿಳಿವಳಿಕೆಯನ್ನು ಕನ್ನಡದಲ್ಲೇ ಕೇಳುವ ಹಕ್ಕು ಕಾಯಿದೆಯಲ್ಲೇ ಇದೆ, ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಿಗೂ ಇರುವಂತೆ. ರಕ್ಷಣೆ ಮಾಡದವರಿಗೆ ದಂಡ 250 ಕೋಟಿ ರೂಪಾಯಿವರೆಗೆ.

ದೊಡ್ಡ ಮೊತ್ತ. ಆದರೆ ಆ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ. ವಿವರ ಸೋರಿ ದುಡ್ಡು ಕಳೆದುಕೊಂಡವರಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಹಳೆಯ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಪರಿಹಾರ ಕೇಳಲು ಇದ್ದ 43ಎ ಎಂಬ ಸೆಕ್ಷನ್ನನ್ನೂ ಈ ಹೊಸ ಕಾಯಿದೆ ತೆಗೆದುಹಾಕುತ್ತದೆ. ಸುಳ್ಳು ದೂರು ಕೊಟ್ಟ ಪ್ರಜೆಗೆ ಮಾತ್ರ ಹತ್ತು ಸಾವಿರದವರೆಗೆ ದಂಡ ಇಟ್ಟಿದೆ. ಇದು ನನಗೆ ಒಪ್ಪಿಗೆಯಾಗದ ಭಾಗ.

ಹಾಗಾಗಿ ದುಡ್ಡು ಉಳಿಯುವುದಿದ್ದರೆ ಅದು ಬೇಗ ಹೇಳುವುದರಿಂದ. ಬರೆದುಕೊಳ್ಳಿ, ಒಂದು ಒಂಬತ್ತು ಮೂರು ಸೊನ್ನೆ, 1930. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಿರುತ್ತದೆ. ಈ ನಂಬರಿಗೆ ಕರೆ ಮಾಡಿದರೆ ಹಾರುವ ದಾರಿಯ ಬ್ಯಾಂಕುಗಳಿಗೆ ತಡೆಯಲು ಸೂಚನೆ ಹೋಗುತ್ತದೆ. ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದರೆ ಸಿಗುವ ಸಾಧ್ಯತೆ ಹೆಚ್ಚು. 2024ರಲ್ಲಿ ಸೈಬರ್ ವಂಚನೆಗೆ ದೇಶದ ಜನ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ, ಹಿಂದಿನ ವರ್ಷ ಅದು 7,465 ಕೋಟಿ ಇತ್ತು ಎಂದು ಸರ್ಕಾರ ಲೋಕಸಭೆಗೆ ತಿಳಿಸಿದೆ. ಬ್ಯಾಂಕಿಗೂ ಬರಹದಲ್ಲಿ ಕೊಡಿ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ನಿಮ್ಮದಾಗಲೀ ಬ್ಯಾಂಕಿನದಾಗಲೀ ಅಲ್ಲದ ತಪ್ಪಿನಿಂದ ಹೋದ ಹಣಕ್ಕೆ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ಒಟಿಪಿ ನೀವೇ ಕೊಟ್ಟಿದ್ದರೂ, ತಿಳಿಸಿದ ಗಳಿಗೆಯಿಂದ ಮುಂದಿನ ನಷ್ಟ ಬ್ಯಾಂಕಿನದು. ನಾಚಿಕೆಯಿಂದ ಮಗನಿಗೂ ಹೇಳದೆ ನಾಲ್ಕು ದಿನ ಒಳಗೇ ಇಟ್ಟುಕೊಳ್ಳುವ ಹಿರಿಯರಿಗೆ ಈ ಮಾತನ್ನು ವಿಶೇಷವಾಗಿ ಹೇಳುತ್ತಿದ್ದೇನೆ.

ಬೇಲೂರು, ಹಳೇಬೀಡಿನ ವಸತಿಗೃಹದವರಿಗೆ ಒಂದು ಕೋರಿಕೆ. ಅದಕ್ಕೆ 2027ರವರೆಗೆ ಕಾಯಬೇಕಿಲ್ಲ. ಅತಿಥಿಗಳ ಪಾಸ್‌ಪೋರ್ಟಿಗೆ ಹುಡುಗರ ಸ್ವಂತ ಫೋನು ಬೇಡ, ಕೌಂಟರಿಗೇ ಒಂದು ಫೋನು ಇಡಿ. ಫಾರಂ ಹೋದ ಕೂಡಲೇ ಫೋಟೊ ಅಳಿಸಿ, ಅಳಿಸಿದವು ಹೋಗಿ ಕೂರುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಆಧಾರಿನ ಹಳೆಯ ಜೆರಾಕ್ಸುಗಳನ್ನು ರದ್ದಿಗೆ ಹಾಕಬೇಡಿ. ಅವು ಸಂತೆಯಲ್ಲಿ ಕಡಲೆಕಾಯಿಯ ಪೊಟ್ಟಣವಾಗಿ ತಿರುಗಿ ಬರುತ್ತವೆ. ಸುಟ್ಟುಬಿಡಿ.